ವರನ ಚಿಕ್ಕಮ್ಮಂದಿರು

ಬಂದು ಒಂಬತ್ತು ದಿನವಾಯಿತು, ಕಾಲಿನ ಊತ ಇನ್ನೂ ಇಳಿದಿಲ್ಲ. ಎರಡು ವಿಮಾನ, ನಡುವೆ ಒಂದು ಕಬ್ಬಿಣದ ಕುರ್ಚಿಯಲ್ಲಿ ಏಳು ಗಂಟೆ, ಕೊನೆಗೆ ಲಿಫ್ಟಿಲ್ಲದ ಮನೆಯ ಮೂರನೇ ಮಹಡಿ. ಐವತ್ತಾರು ವರ್ಷದ ಹೆಂಗಸು ಇಷ್ಟೆಲ್ಲ ದಾಟಿ ಬಂದ ಮೇಲೆ ಅವಳನ್ನು ಒಂದು ಮೂಲೆಯಲ್ಲಿ ಬಿದ್ದುಕೊಳ್ಳಲು ಬಿಡಬೇಕು. ಇಲ್ಲಿ ಬಿಡುವವರು ಯಾರು? ದಿನಾ ಬೆಳಗಾದರೆ ನನ್ನ ತಮ್ಮ, ಕಾರಿನ ಕೀಲಿ ಅಲ್ಲಾಡಿಸುತ್ತಾ ಬಾಗಿಲಲ್ಲಿ ನಿಂತಿರುತ್ತಾನೆ. ಸೇತುವೆ ತೋರಿಸಿದ, ಮ್ಯೂಸಿಯಂ ತೋರಿಸಿದ, ನಾಲ್ಕು ಅಂತಸ್ತಿನ ಮಾಲ್ ತೋರಿಸಿದ. "ಹೇಗಿದೆ?" ಅನ್ನುತ್ತಾನೆ. "ಚೆನ್ನಾಗಿದೆ ಕಣೋ" ಅನ್ನುತ್ತೇನೆ. ಸೇತುವೆಗೂ ಅದೇ ಮಾತು, ಮಾಲಿಗೂ ಅದೇ ಮಾತು. ಪಾಪ, ಅವನಿಗೆ ಖುಷಿಯೋ ಖುಷಿ.

ನಾನು ಸೇತುವೆ ನೋಡಲು ಬಂದವಳಲ್ಲ, ಅಕ್ಕನನ್ನು ನೋಡಲು ಬಂದವಳು. ಒಂದು ಮಾತು ಕೇಳುವುದಿತ್ತು, ಎದುರುಬದುರು ಕೂತು. ಒಂಬತ್ತು ದಿನದಲ್ಲಿ ಒಂಬತ್ತು ನಿಮಿಷವೂ ನಾವಿಬ್ಬರೇ ಇದ್ದದ್ದಿಲ್ಲ.

ಅಕ್ಕ ಅಂದರೆ ನನ್ನ ತಾಯಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಆದ ರಾದ್ಧಾಂತಕ್ಕೆಲ್ಲ ಮೂಲ ಈ ಎರಡಕ್ಷರವೇ. ನಾನು ಹುಟ್ಟಿದ್ದು ಅಜ್ಜಿಯ ಮನೆಯಲ್ಲಿ. ಆ ಮನೆಯಲ್ಲಿ ನನ್ನ ತಾಯಿಯೇ ಹಿರಿಯ ಮಗಳು. ಅವಳ ಇಬ್ಬರು ತಂಗಿಯರೂ ಅವಳನ್ನು ಅಕ್ಕ ಅಕ್ಕ ಅಂತ ಕರೆಯುತ್ತಿದ್ದರು, ಕೇಳಿ ಕೇಳಿ ನಾನೂ ಹಾಗೇ ಕರೆದೆ. ಎಲ್ಲರೂ ಅಜ್ಜಿಯನ್ನು ಅಮ್ಮ ಅನ್ನುತ್ತಿದ್ದರು, ನನಗೂ ಅವಳು ಅಮ್ಮನಾದಳು. ನಮ್ಮಲ್ಲಿ ಇದೇನೂ ಹೊಸದಲ್ಲ, ಇಂಥ ಮನೆಗಳು ಬೀದಿಗೊಂದು. ಯಾರೂ ತಿದ್ದಲಿಲ್ಲ. ನನಗೆ ಆರು ವರ್ಷವಿದ್ದಾಗ ಅಪ್ಪನಿಗೆ ಇಲ್ಲಿ ಕೆಲಸ ಸಿಕ್ಕಿತು. ಕಾಗದಪತ್ರ ಇಬ್ಬರಿಗೆ ಮಾತ್ರ ಆಗಿತ್ತು. "ಒಂದೇ ವರ್ಷ, ಆಮೇಲೆ ಇವಳನ್ನೂ ಕರೆಸಿಕೊಳ್ತೀವಿ" ಅಂದರು. ಆ ಒಂದು ವರ್ಷ ಎಳೆದೂ ಎಳೆದೂ ನಾಲ್ಕು ವರ್ಷವಾಯಿತು. ಅಕ್ಕ ಕರೆದೊಯ್ಯಲು ಬಂದಾಗ ನಾನು ಅಜ್ಜಿಯ ಮಂಚದ ಕೆಳಗೆ ನುಗ್ಗಿ, ಮಂಚದ ಕಾಲು ತಬ್ಬಿಕೊಂಡು, "ಅಮ್ಮನ್ನ ಬಿಟ್ಟು ಬರಲ್ಲ" ಅಂತ ಊರು ಕೇಳುವಂತೆ ಅರಚಿದೆ. ಅಕ್ಕ ಒಂದು ದಿನವಿಡೀ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಮಾರನೇ ವಾರ ಒಬ್ಬಳೇ ವಾಪಸ್ಸು ಹೋದಳು.

ಆಮೇಲೆ ಇಲ್ಲಿ ತಮ್ಮ ಹುಟ್ಟಿದ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಅವನು ಹೆತ್ತವಳನ್ನು ಅಮ್ಮ ಅನ್ನುತ್ತಾನೆ. ಹೆತ್ತವಳನ್ನು ಎಲ್ಲರೂ ಅನ್ನುವ ಹಾಗೆ, ಯಾವ ಕಷ್ಟವೂ ಇಲ್ಲದೆ.

ಅಕ್ಕ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ದುಡಿದಳು. ಬಿಸಿ ಹಾಸಿಗೆಬಟ್ಟೆಯನ್ನು ಇನ್ನೊಬ್ಬಳ ಜೊತೆ ಎರಡು ತುದಿ ಹಿಡಿದು ಮಡಚುವುದು, ದಿನಕ್ಕೆ ನಾನೂರು. ಈಗ ಎಪ್ಪತ್ತೈದು ವರ್ಷ. ಅಪ್ಪ ಹೋಗಿ ಎಂಟು ವರ್ಷವಾಯಿತು. ಅಕ್ಕನ ಹೆಬ್ಬೆರಳು ಎರಡೂ ಹೊರಕ್ಕೆ ಬಾಗಿವೆ, ಚಹಾದ ಕಪ್ಪನ್ನು ಅಂಗೈಯಲ್ಲಿ ಇಟ್ಟುಕೊಂಡು ಕುಡಿಯುತ್ತಾಳೆ. ಆದರೂ ಕೈಗೆ ಏನು ಸಿಕ್ಕರೂ ಮಡಚುತ್ತಾಳೆ: ಟವೆಲು, ಪ್ಲಾಸ್ಟಿಕ್ ಚೀಲ, ಮೊಮ್ಮಗಳ ಸ್ಕೂಲಿನ ಚೀಟಿ. ನಾನು ಬಂದ ದಿನ ತಬ್ಬಿಕೊಂಡು ಅತ್ತು, ಕಣ್ಣೊರೆಸಿದ ಕರ್ಚೀಫನ್ನೂ ನಾಲ್ಕು ಮಡಿಕೆ ಮಾಡಿ ಇಟ್ಟಳು.

ನನ್ನ ಕೆಲಸ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವುದು. ಬಿಲ್ ಪುಸ್ತಕ, ಕರಪತ್ರ, ಎಲ್ಲಕ್ಕಿಂತ ಹೆಚ್ಚಾಗಿ ಮದುವೆ ಕಾರ್ಡು. ಊರಿನವರ ಮದುವೆಗಳನ್ನು ತಿದ್ದಿ ತಿದ್ದಿ ನನ್ನದೊಂದು ಕಾರ್ಡು ಮಾಡಿಸಿಕೊಳ್ಳುವುದೇ ಮರೆತುಹೋಯಿತು. ಮೂವತ್ತು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಕಾರ್ಡಿನಲ್ಲಿ ಮುಹೂರ್ತ ತಪ್ಪಾದರೆ ಜನ ಕ್ಷಮಿಸುತ್ತಾರೆ, ಸಂಬಂಧ ತಪ್ಪಾದರೆ ಕ್ಷಮಿಸುವುದಿಲ್ಲ. ದೊಡ್ಡಪ್ಪನ ಹೆಸರು ಮಾವನ ಕೆಳಗೆ ಹೋಯಿತು ಅಂತ ಪ್ರೆಸ್ಸಿನ ಮೇಜು ಗುದ್ದಿದವರನ್ನು ನೋಡಿದ್ದೇನೆ. ನನ್ನ ಕೆಂಪು ಪೆನ್ನು ದಾಟಿ ಒಂದು ಕೊಂಬು, ಒಂದು ಒತ್ತಕ್ಷರ ತಪ್ಪಿ ಹೋದದ್ದಿಲ್ಲ. ಒಂದೇ ಒಂದು ಸಲ ಹೋಗಿದೆ. ತಪ್ಪಿಹೋದದ್ದಲ್ಲ ಅದು, ನಾನೇ ಬಿಟ್ಟದ್ದು.

ಹನ್ನೆರಡು ವರ್ಷದ ಹಿಂದೆ ತಮ್ಮನ ಮದುವೆ ಇಲ್ಲೇ ಆಯಿತು. ಕಾರ್ಡು ಮಾತ್ರ ನಮ್ಮ ಪ್ರೆಸ್ಸಿನಲ್ಲೇ ಆಗಬೇಕು ಅಂತ ಅಕ್ಕನ ಹಟ. ಅವಳು ಫೋನ್ ಮಾಡಿದ ದಿನ ನಾನು ಜ್ವರ ಬಂದು ರಜೆಯಲ್ಲಿದ್ದೆ. ಕಂಪೋಸಿಂಗ್ ಮಾಡುವ ಕನ್ನಡಕದವರು ಹೆಸರುಗಳನ್ನೆಲ್ಲ ಬರೆದುಕೊಂಡರು. ಎರಡು ದಿನ ಬಿಟ್ಟು ಪ್ರೂಫ್ ನನ್ನ ಮೇಜಿಗೆ ಬಂತು. ‘ವರನ ಚಿಕ್ಕಮ್ಮಂದಿರು’ ಅಂತ ಒಂದು ಸಾಲು. ಕೆಳಗೆ ಅಕ್ಕನ ಇಬ್ಬರು ತಂಗಿಯರ ಹೆಸರು, ಮೂರನೆಯದು ನನ್ನದು.

"ಇದನ್ನ ಯಾರು ಹೇಳಿದ್ದು?" ಅಂದೆ.

"ಅಕ್ಕಾನೇ ಒಂದೊಂದಾಗಿ ಹೇಳಿ ಬರೆಸಿದ್ರಲ್ಲ" ಅಂದರು ಕನ್ನಡಕದವರು.

ನಾನು ಪೆನ್ನಿನ ಮುಚ್ಚಳ ತೆಗೆದೆ. ಮತ್ತೆ ಹಾಕಿದೆ. ಫೋನಿತ್ತು, ಕೇಳಬಹುದಿತ್ತು. ಕೇಳಿದರೆ ಅವಳು ಹೌದು ಅಂದುಬಿಟ್ಟರೆ? ಬೀಗರ ಮುಂದೆ, ಬಿಟ್ಟುಬಂದ ಮಗಳೊಬ್ಬಳಿದ್ದಾಳೆ ಅಂತ ಹೇಳಿಕೊಳ್ಳಲು ಅವಳಿಗೆ ನಾಚಿಕೆ ಇರಬಹುದು ಅಂದುಕೊಂಡೆ. ಕೆಳಗೆ ಸಹಿ ಹಾಕಿ ಅಚ್ಚಿಗೆ ಕಳಿಸಿದೆ. ಯಾರಾದರೂ ನೋಡಿ ಫೋನ್ ಮಾಡುತ್ತಾರೇನೋ ಅಂತ ಕಾದೆ. ಯಾರೂ ಮಾಡಲಿಲ್ಲ. ಮದುವೆಗೆ ನನಗೆ ವೀಸಾ ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಹನ್ನೆರಡು ವರ್ಷ ವಾರಕ್ಕೊಮ್ಮೆ ಫೋನಿನಲ್ಲಿ ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಅಂತ ಮಾತಾಡಿದೆವು. ಕಾರ್ಡಿನ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೇಳಬೇಕೆಂದುಕೊಂಡು ಬಂದ ಮಾತು ಇದೇ: ನನ್ನನ್ನು ಯಾಕೆ ಆ ಸಾಲಿಗೆ ಹಾಕಿಸಿದೆ?

ಬಂದ ಮೂರನೇ ದಿನಕ್ಕೇ ತಮ್ಮನ ಒಂಬತ್ತು ವರ್ಷದ ಮಗಳು ನನ್ನನ್ನು ಚಿಕ್ಕಜ್ಜಿ ಅನ್ನಲು ಶುರುಮಾಡಿದಳು. "ಅತ್ತೆ ಅನ್ನು" ಅಂತ ಅವರಪ್ಪ ಹೇಳಿಯೇ ಇದ್ದ. ಅವಳು ಒಪ್ಪಲಿಲ್ಲ. "ಇವರು ಅಜ್ಜೀನ ಅಕ್ಕ ಅಂತಾರೆ. ಅಂದ್ರೆ ಅಜ್ಜಿಗೆ ತಂಗಿ. ಅಂದ್ರೆ ಚಿಕ್ಕಜ್ಜಿ." ವಕೀಲರೂ ಇಷ್ಟು ನೇರವಾಗಿ ವಾದ ಮಾಡಲಾರರು. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಅಕ್ಕ ಟವೆಲು ಮಡಚುತ್ತಿದ್ದಳು.

ಹತ್ತನೇ ದಿನ ಭಾನುವಾರ. ನಾನು ಬಂದ ಸಂತೋಷಕ್ಕೆ ಎಲ್ಲರನ್ನೂ ಸೇರಿಸುತ್ತೇನೆ ಅಂತ ತಮ್ಮ ಹಟ ಹಿಡಿದಿದ್ದ. ಬೆಳಗ್ಗೆಯಿಂದ ಮಡಚುವ ಕುರ್ಚಿಗಳು ಒಂದೊಂದಾಗಿ ಮೂರು ಮಹಡಿ ಹತ್ತಿ ಬಂದವು. ಅಕ್ಕನ ಲಾಂಡ್ರಿಯ ಗೆಳತಿಯರು ಬಂದರು, ಪಕ್ಕದ ಮನೆಯವರು ಬಂದರು, ಇನ್ನೊಂದು ಊರಿನಿಂದ ತಮ್ಮನ ಅತ್ತೆ, ನಮ್ಮ ಬೀಗಿತ್ತಿ, ಬಂದರು. ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬರು ಹಾಡಿದರು, ಒಬ್ಬರು ಸಾರು ಚೆಲ್ಲಿದರು, ಎಲ್ಲರೂ ಒಟ್ಟಿಗೆ ಮಾತಾಡಿದರು. ಬಂದವರೆಲ್ಲ ನನ್ನ ಕೆನ್ನೆ ಹಿಡಿದು, "ಎಷ್ಟು ವರ್ಷಕ್ಕೆ ಬಂದ್ರಿ!" ಅಂದರು. ಸಂತೋಷವಾಗಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಸಂತೋಷ ಅಷ್ಟು ಹೊತ್ತು ನಿಂತು ಮಾಡುವ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ನಕ್ಕು ನಕ್ಕು ದವಡೆ ನೋಯುತ್ತಿತ್ತು, ಸೊಂಟದ ಮಾತು ಬಿಡಿ.

ಬೀಗಿತ್ತಿ ಮಾತಿನ ಮಲ್ಲಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಕ್ಕ ತಂಗಿ ಅಂದ್ರೆ ಹೀಗಿರ್ಬೇಕು! ಒಂದೇ ಅಚ್ಚು! ತಂಗಿಗಾಗಿ ಎಷ್ಟು ಓಡಾಡ್ತಿದಾರೆ ನೋಡಿ" ಅಂದರು.

ತಮ್ಮ ತನ್ನ ಹೆಂಡತಿಯನ್ನು ಕರೆದುಕೊಂಡು, ಬರಬೇಕಾಗಿದ್ದ ಇನ್ನಿಬ್ಬರನ್ನು ತರಲು ರೈಲ್ವೆ ಸ್ಟೇಷನ್ನಿಗೆ ಹೋಗಿದ್ದ. ಆ ಮಾತು ತಿದ್ದಬಲ್ಲವರು ಅಂತ ಅಲ್ಲಿ ಇದ್ದವಳು ಅಕ್ಕ ಒಬ್ಬಳೇ. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು, ನಾನೇ ಏನಾದರೂ ಹೇಳಲಿ ಅನ್ನುವ ಹಾಗೆ.

"ತಂಗಿ ಅಲ್ಲ ಅವರು, ಅತ್ತೆಯಂತೆ" ಅಂತ ಮೊಮ್ಮಗಳು ಚೇಷ್ಟೆ ತೆಗೆದಳು. "ಅಪ್ಪ ಹೇಳ್ತಾರೆ."

"ಅತ್ತೆ ಹೇಗಾಗ್ತಾರೆ? ಕಾರ್ಡಲ್ಲೇ ಹಾಕ್ಸಿದಾರಲ್ಲ, ನಾನೇ ಓದಿದೀನಿ. ತಾ ಆಲ್ಬಂ!" ಅಂದರು ಬೀಗಿತ್ತಿ.

ಹುಡುಗಿ ಓಡಿಹೋಗಿ ಮದುವೆ ಆಲ್ಬಂ ತಂದಳು. ಮೊದಲ ಹಾಳೆಗೇ ಕಾರ್ಡನ್ನು ಅಂಟಿಸಿದ್ದರು. ತಮ್ಮನಿಗೂ ಅವನ ಹೆಂಡತಿಗೂ ಕನ್ನಡ ಓದಲು ಬರುವುದಿಲ್ಲ. ಅವರಿಗೆ ಅದೊಂದು ಚಂದದ ಚಿತ್ರ, ಅಷ್ಟೆ. ಬೀಗಿತ್ತಿ ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದರು. "ವರನ ಚಿಕ್ಕಮ್ಮಂದಿರು. ಮೂರನೇ ಹೆಸರು ನೋಡಿ, ಇವರದೇ!"

ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಸಿಂಕಿನ ತುಂಬ ತಟ್ಟೆ. ನಲ್ಲಿ ಬಿಟ್ಟುಕೊಂಡು ಉಜ್ಜಲು ನಿಂತೆ. ಅಳು ಬರುತ್ತಿತ್ತು ಅಂತ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಆಲ್ಬಂ ಎದೆಗೊತ್ತಿಕೊಂಡು ಒಳಗೆ ಬಂದಳು, ಬಾಗಿಲು ಹಾಕಿದಳು, ನಲ್ಲಿ ನಿಲ್ಲಿಸಿದಳು.

"ನಂಗೆ ಸಾಕಾಗಿದೆ ಗುಬ್ಬಿ" ಅಂದಳು. ಗುಬ್ಬಿ ಅಂತ ನನ್ನನ್ನು ಕರೆಯುವವರು ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿರುವುದು. "ಹನ್ನೆರಡು ವರ್ಷ ಕೇಳ್ಬೇಕು ಕೇಳ್ಬೇಕು ಅಂತಿದ್ದೆ. ನನ್ನ ಮಗಳು ಅಂತ ಅನ್ನಿಸ್ಕೊಳ್ಳೋದು ನಿಂಗೆ ಅಷ್ಟು ಬೇಡ ಆಗಿತ್ತೇನೇ?"

ನನಗೆ ಅರ್ಥವೇ ಆಗಲಿಲ್ಲ. "ನಾನು ಕೇಳ್ಬೇಕಾದ್ದನ್ನ ನೀನು ಕೇಳ್ತಿದೀಯಲ್ಲ" ಅಂದೆ. "ಆ ಸಾಲಿಗೆ ನನ್ನನ್ನ ಹಾಕ್ಸಿದ್ದು ನೀನು."

"ನಾನಾ?"

"ಕನ್ನಡಕದವರು ಹೇಳಿದ್ರು, ಅಕ್ಕಾನೇ ಬರೆಸಿದ್ರು ಅಂತ."

ಅಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. "ವರನ ಅಪ್ಪ ಅಮ್ಮ ಹೇಳ್ದೆ, ಚಿಕ್ಕಮ್ಮಂದಿರನ್ನ ಹೇಳ್ದೆ. ಆಮೇಲೆ ‘ಅಕ್ಕ’ ಅಂತ ಬರೀರಿ ಅಂದು ನಿನ್ನ ಹೆಸರು ಹೇಳ್ದೆ. ಆ ಮಹಾರಾಯ ನಂಗೆ ಮಾತು ಮುಗಿಸೋಕೇ ಬಿಡ್ಲಿಲ್ಲ. ‘ಗೊತ್ತಾಯ್ತು, ಗೊತ್ತಾಯ್ತು, ನಿಮ್ಮನ್ನ ಅಕ್ಕ ಅನ್ನೋರು ತಾನೆ, ದಿನಾ ಪಕ್ಕದಲ್ಲೇ ಕೂತಿರ್ತಾರೆ’ ಅಂದ್ರು. ನಾನು ಹೂಂ ಅಂದೆ. ನಿಜಾನೇ ಅಲ್ವಾ ಅದು!"

ನನಗೆ ಕನ್ನಡಕದವರ ತಲೆ ಕಣ್ಣಿಗೆ ಕಟ್ಟಿತು. ಎದುರಿಗಿದ್ದಿದ್ದರೆ ಅದನ್ನೇ ಸಿಂಕಿನಲ್ಲಿ ಅದ್ದಿ ತೆಗೆಯುತ್ತಿದ್ದೆ.

"ಕಾರ್ಡು ನೋಡಿದ್ಮೇಲಾದ್ರೂ ಫೋನ್ ಮಾಡ್ಬಾರ್ದಿತ್ತಾ?"

"ಹೇಗೆ ಮಾಡ್ಲಿ? ಪ್ರೂಫ್ ನೋಡೋಳು ನೀನು. ನಾನು ಬರೆಯೋ ಕಾಗ್ದದಲ್ಲಿ ಒಂದು ಇಳಿ ತಪ್ಪಿದ್ರೂ ಸುತ್ತು ಹಾಕಿ ವಾಪಸ್ ಕಳಿಸ್ತಿದ್ದೋಳು. ನಿನ್ನ ಕಣ್ಣು ತಪ್ಸಿ ಅದು ಅಚ್ಚಾಗುತ್ತಾ? ನೀನೇ ಬೇಕಂತ ಹಾಗೆ ಹಾಕ್ಕೊಂಡಿದೀಯ ಅಂದ್ಕೊಂಡೆ. ಮಂಚದ ಕೆಳಗಿಂದ ಬರಲ್ಲ ಅಂದೋಳು, ಈಗ ಕಾರ್ಡಲ್ಲೂ ಬರಲ್ಲ ಅಂತಿದಾಳೆ ಅಂದ್ಕೊಂಡು ಸುಮ್ಮನಾದೆ."

ಮೊದಲು ನಕ್ಕವಳು ಅಕ್ಕ. ಆಮೇಲೆ ನಾನು. ಸಿಂಕಿನ ಅಂಚು ಹಿಡಿದುಕೊಂಡು, ಕೈಯ ಸೋಪು ಸೀರೆಗೆ ಹತ್ತಿಸಿಕೊಂಡು ನಕ್ಕೆ. ಹನ್ನೆರಡು ವರ್ಷವನ್ನು ಸುಮ್ಮನೆ ಹಾಳು ಮಾಡಿದ್ದೆವು, ಒಬ್ಬಳು ಕೇಳದೆ, ಒಬ್ಬಳು ಹೇಳದೆ. ಇದಕ್ಕೆ ಯಾರ ಮೇಜು ಗುದ್ದಲಿ?

"ಒಂದ್ಸಲ ಅಮ್ಮ ಅಂದುಬಿಡೇ" ಅಂದಳು ಅಕ್ಕ, ನೆಲ ನೋಡುತ್ತಾ. "ಯಾರೂ ಇಲ್ಲ ಇಲ್ಲಿ."

ಬಾಯಿ ತೆರೆದೆ. ನಾಲಿಗೆ ತಿರುಗಲಿಲ್ಲ. ಆ ಮಾತು ಹೊರಡಬೇಕು ಅನ್ನುವಾಗ ಅಜ್ಜಿಯ ಮುಖವೇ ಮುಂದೆ ಬಂತು. ಅಕ್ಕನಿಗೆ ಗೊತ್ತಾಯಿತು. ನನ್ನ ಒದ್ದೆ ಕೈಯನ್ನು ತನ್ನ ಸೆರಗಿನಿಂದ ಒರೆಸಿ, "ಹೋಗ್ಲಿ ಬಿಡು, ಏನಂತಾದ್ರೂ ಕರೆದ್ರೆ ಸಾಕು" ಅಂದಳು. "ಪೆನ್ನು ಇದೆಯಾ?"

ನನ್ನ ಚೀಲದಲ್ಲಿ ಕೆಂಪು ಪೆನ್ನು ಇಲ್ಲದ ದಿನವಿಲ್ಲ.

ಅಕ್ಕ ನನ್ನ ಕೈ ಹಿಡಿದು ಹಾಲಿಗೆ ಕರೆತಂದಳು, ಆಲ್ಬಮ್ಮನ್ನು ಬೀಗಿತ್ತಿಯ ತೊಡೆಯ ಮೇಲೆ ಬಿಚ್ಚಿಟ್ಟಳು. "ಬೀಗರೇ, ಈ ಕಾರ್ಡಲ್ಲಿ ಒಂದು ತಪ್ಪಿದೆ. ಇವಳು ನನ್ನ ತಂಗಿ ಅಲ್ಲ. ನನ್ನ ಮಗಳು, ಮೊದಲನೇ ಹೆರಿಗೆ. ಅವಳೇ ತಿದ್ತಾಳೆ, ನೋಡಿ" ಅಂದಳು. ಇಪ್ಪತ್ತಾರು ವರ್ಷ ಮಷೀನುಗಳ ಸದ್ದಿನ ಮೇಲೆ ಮಾತಾಡಿದ ಗಂಟಲು; ಮೆಟ್ಟಿಲವರೆಗೂ ಕೇಳಿಸಿರಬೇಕು. ಹಾಡುತ್ತಿದ್ದವರು ನಿಲ್ಲಿಸಿದರು. ಬೀಗಿತ್ತಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ನಾನು ಬಗ್ಗಿದೆ. ಸೊಂಟ ಹಿಡಿದುಕೊಂಡಿತು, ಆದರೂ ಬಗ್ಗಿದೆ. ಮೂರನೇ ಹೆಸರನ್ನು ಹೊಡೆದುಹಾಕಿದೆ. ಅಲ್ಲಿಂದ ಒಂದು ಗೆರೆ ಎಳೆದು ಅಂಚಿಗೆ ತಂದೆ. ಅಲ್ಲಿ ‘ವರನ’ ಅಂತ ಬರೆದು, ಅದರ ಪಕ್ಕದಲ್ಲಿ ಅದೇ ಹಳೆಯ ಎರಡಕ್ಷರ ಬರೆದೆ.

ಮೊಮ್ಮಗಳು ನನ್ನ ಮೊಣಕೈ ಕೆಳಗಿನಿಂದ ಇಣುಕಿ, "ಏನು ಬರೆದ್ರಿ?" ಅಂದಳು.

"ಅಕ್ಕ" ಅಂತ ಓದಿದೆ.

ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟಿದ್ದ ಅಕ್ಕ, ತಟ್ಟನೆ ತಿರುಗಿ, "ಏನೇ ಮಗಳೇ?" ಅಂದಳು.

"ಏನಿಲ್ಲ" ಅಂದೆ. "ಸಾಕು ಮಾಡಿದ್ದು. ಬಾ, ಇಲ್ಲಿ ಕೂತ್ಕೋ."