ನಬೀಸಾ ಕೇಳಿದ ಘಟಸರ್ಪದ ಕಥೆ

ರಂಗೂನು ಜಪಾನೀಯರ ಕೈಗೆ ಬಿದ್ದ ಸುದ್ದಿ ಬಂದಂದಿನಿಂದ ನಬೀಸಾ ಕೂತಲ್ಲಿ ಕೂರುತ್ತಿರಲಿಲ್ಲ. ಅವಳ ಗಂಡ ಅಹ್ಮದ್ ಬಾವ ಅಲ್ಲಿ ಒಣಮೀನಿನ ವ್ಯಾಪಾರಕ್ಕಿದ್ದವನು. ಕಾಗದವಿಲ್ಲ, ತಂತಿಯಿಲ್ಲ. ಕೊಡಿಯಾಲ್‌ಬೈಲಿನ ಆ ಓಣಿಯಲ್ಲಿ ಯಾರ ಹೆಜ್ಜೆ ಸದ್ದಾದರೂ ಅವಳು ಕೈಯ ಕೆಲಸ ಬಿಟ್ಟು ಬಾಗಿಲಿಗೆ ಓಡುವಳು. ಒಳಗೆ ಹಾಲು ಉಕ್ಕುವುದು, ಅನ್ನ ಸೀಯುವುದು. ಅತ್ತೆ ಐಸಮ್ಮ ಬೈಯುವುದನ್ನೂ ಬಿಟ್ಟಿದ್ದಳು.

ಪಕ್ಕದ ಮನೆಯ ಕುಶಲಾ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಬೇಸಿಗೆ ರಜೆಯಲ್ಲಿ ಅವಳು ಇಂಗ್ಲಿಷ್ ಕಾದಂಬರಿಯೊಂದನ್ನು ಓದುತ್ತ ಒಬ್ಬಳೇ ನಗುತ್ತಿದ್ದುದು ಬೇಲಿಯಾಚೆಗೆ ಕೇಳಿಸಿತು.

“ಎಂತ ಟೀಚರ್, ಅಷ್ಟು ನಗು?” ನಬೀಸಾಳ ದನಿಯಲ್ಲಿ ಸಿಟ್ಟಿತ್ತು.

ಕುಶಲಾಗೆ ನಾಚಿಕೆಯಾಯಿತು. “ಒಬ್ಬ ಗುಮಾಸ್ತ ಬೆಳಿಗ್ಗೆ ಏಳುವಾಗ ಘಟಸರ್ಪ ಆಗಿದ್ದಾನೆ. ರೆಕ್ಕೆ ಉಂಟು, ಬಾಯಲ್ಲಿ ಬೆಂಕಿ ಉಂಟು. ಅವನಿಗೆ ಅದರ ಚಿಂತೆ ಇಲ್ಲ ಮಾರಾಯ್ತಿ, ಆಫೀಸಿಗೆ ತಡ ಆಯ್ತು ಅಂತ!”

ನಬೀಸಾ ನಗಲಿಲ್ಲ. ಬೇಲಿಗೆ ಹತ್ತಿರ ಬಂದು ಕೇಳಿದಳು: “ಬಾಲ ಇದ್ರೆ ಇಜಾರು ಹೇಗೆ ಹಾಕಿದ?”

ಮರುದಿನದಿಂದ ಕುಶಲಾ ಮಧ್ಯಾಹ್ನ ಅವರ ಚಾವಡಿಗೇ ಪುಸ್ತಕ ತಂದು ಕಥೆಯನ್ನು ಕನ್ನಡದಲ್ಲಿ ಓದಿ ಹೇಳತೊಡಗಿದಳು. ರೂಪ ಬದಲಿಸುವ ಮೊದಲು ರಜೆ ಅರ್ಜಿ ಕೊಡಬೇಕಿತ್ತೆಂದು ಸಾಹೇಬ ಗುಮಾಸ್ತನನ್ನು ಗದರಿಸಿದ. ಹೆಂಡತಿ ಸೌದೆ ಉಳಿಯಿತೆಂದು ಅವನ ಬಾಯಿಯ ಮುಂದೆ ಬಾಣಲೆ ಹಿಡಿದಳು. ಆಗ ನಬೀಸಾ ನಕ್ಕುಬಿಟ್ಟಳು. ನಕ್ಕವಳೇ ಬಾಯಿಗೆ ಸೆರಗೊತ್ತಿ ಒಳಗೆ ಓಡಿದಳು. ಅಡುಗೆಮನೆಯಲ್ಲಿ ಪಾತ್ರೆಗಳು ಧಡಧಡ ಸದ್ದು ಮಾಡಿದವು.

“ನಾನು ನಾಳೆಯಿಂದ ಬರುವುದಿಲ್ಲ, ಐಸಮ್ಮ,” ಎಂದು ಕುಶಲಾ ಎದ್ದಳು.

“ಬರಬೇಕು,” ಎಂದಳು ಮುದುಕಿ. “ರಂಗೂನಿನಲ್ಲಿರುವುದು ನನ್ನ ಮಗ. ನಾನೇ ಕೂತು ಕೇಳುವಾಗ ಅವಳು ನಕ್ಕದ್ದಕ್ಕೆ ಯಾಕೆ ಓಡುವುದು? ಬಾಣಲೆಯಲ್ಲಿ ಎಂತ ಹುರಿದಳು, ಅದು ಹೇಳಿ.”

ಕಥೆಯ ಗುಮಾಸ್ತ ಹಾರಲು ಹೋಗಿ ಇಗರ್ಜಿಯ ಗೋಪುರದಲ್ಲಿ ಸಿಕ್ಕಿಕೊಂಡ ಮಧ್ಯಾಹ್ನ, ಗೇಟಿನ ಬಳಿ ಎಲುಬಿನ ಗೂಡಿನಂಥ ಗಂಡಸೊಬ್ಬ ಬಂದು ನಿಂತ. ಅಹ್ಮದ್ ಬಾವನ ಜೊತೆ ರಂಗೂನಿಗೆ ಹೋಗಿದ್ದ ರವೂಫ್. ಒಬ್ಬನೇ ಬಂದಿದ್ದ.

ನಬೀಸಾ ಈ ಸಲ ಬಾಗಿಲಿಗೆ ಓಡಲಿಲ್ಲ. ಕುಶಲಾಳ ಮಣಿಕಟ್ಟು ಹಿಡಿದಳು. “ಓದಿ ಟೀಚರ್. ನಿಲ್ಲಿಸಬೇಡಿ.”

ಐಸಮ್ಮ ಅಂಗಳಕ್ಕಿಳಿದಳು. ಕುಶಲಾ ಓದಿದಳು. ಊರವರು ಗೋಪುರಕ್ಕೆ ಏಣಿ ಇಟ್ಟರು, ಪಾದ್ರಿ ಕೆಳಗಿನಿಂದ ಕೊಡೆ ಬೀಸಿದ, ಗುಮಾಸ್ತನಿಗೆ ಸೀನು ಬಂತು. ಏನು ಓದುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ನಬೀಸಾಳ ಉಗುರು ಮಣಿಕಟ್ಟಿಗೆ ನಾಟಿತ್ತು.

“ಇದ್ದಾನೆ!” ಐಸಮ್ಮ ಅಂಗಳದಿಂದ ಕೂಗಿದಳು. “ಕಲ್ಕತ್ತಾದ ಆಸ್ಪತ್ರೆಯಲ್ಲಿ ಇದ್ದಾನಂತೆ! ಕಾಡುದಾರಿಯಲ್ಲಿ ನಡೆದು ಬರುವಾಗ ಕಾಲಿಗೆ ಪೆಟ್ಟಾಯ್ತಂತೆ, ಈಗ ನಡೀಲಿಕ್ಕೆ ಆಗುವುದಿಲ್ಲ. ಜೀವಕ್ಕೆ ಎಂತದ್ದೂ ಇಲ್ಲ!”

ಆಗ ನಬೀಸಾ ಎದ್ದಳು. ರವೂಫನಿಗೆ ನೀರು ತಂದಳು, ಬೆಲ್ಲ ಮರೆತಳು, ಮತ್ತೆ ಒಳಗೆ ಹೋದಳು. ಬಾಗಿಲ ಮರೆಯಿಂದ ಪ್ರಶ್ನೆಯ ಮೇಲೆ ಪ್ರಶ್ನೆ: ಯಾವ ಕಾಲು? ಊಟ ಸೇರುತ್ತದಾ? ನೋಡಿಕೊಳ್ಳುವವರು ಯಾರುಂಟು?

“ನನ್ನ ತಮ್ಮನನ್ನು ಕಳಿಸ್ತೇನೆ,” ಎಂದಳು ಐಸಮ್ಮ.

“ನಾನೂ ಹೋಗ್ತೇನೆ, ಮಾಮಿ.”

“ಹುಚ್ಚಾ ನಿನಗೆ? ಅಷ್ಟು ದೂರ ಹೆಂಗಸರು ಹೋಗ್ಲಿಕ್ಕುಂಟಾ?”

“ಇಲ್ಲಿ ಕೂತ್ರೆ ನಾನು ಸಾಯ್ತೇನೆ.”

 ಐಸಮ್ಮ ಪೆಟ್ಟಿಗೆ ಇಳಿಸಲು ಅಟ್ಟದ ಏಣಿ ಎಳೆದಳು.

ಮರುದಿನದ ರೈಲಿಗೆ ನಬೀಸಾ ಹೊರಟಳು. ಉಳಿದ ಕಥೆಯನ್ನು ಕುಶಲಾ ಮುದುಕಿಯೊಬ್ಬಳಿಗೇ ಓದಿ ಮುಗಿಸಿದಳು.

“ಬೇರೆ ಪುಸ್ತಕ ಉಂಟಾ ಟೀಚರ್?” ಎಂದು ಐಸಮ್ಮ ಕೇಳಿದಳು. “ನನಗೂ ಒಬ್ಬಳೇ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ.”

ಗಂಡ ಹೆಂಡತಿ ಮರಳುವಾಗ ಮಳೆಗಾಲ ಮುಗಿದಿತ್ತು. ಅಹ್ಮದ್ ಬಾವ ಒಂದು ಕೈಯಲ್ಲಿ ಕೋಲೂರಿ, ಇನ್ನೊಂದು ಕೈಯನ್ನು ನಬೀಸಾಳ ಹೆಗಲ ಮೇಲಿಟ್ಟು ರೈಲಿನಿಂದ ಇಳಿದ.