ಕಾಲುವೆ ತಿಳಿಯಾದ ಮೇಲೆ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಬಣ್ಣದಮ್ಮ ಎಂದೇ ಕರೆಯುತ್ತಿದ್ದರು. ಕುದಿಯುವ ತೊಟ್ಟಿಗಳ ಮುಂದೆ ಹತ್ತಾರು ಜನ ಸಾಲಾಗಿ ನಿಂತು ಕೆಲಸ ಮಾಡುತ್ತಿದ್ದ ಕಾಲ ಅದು. ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೂ ಬಾಯಿಗೆ ಮಾತ್ರ ಬಿಡುವಿರಲಿಲ್ಲ. "ನಮ್ಮ ಕೈ ನೋಡಿ ಯಾವ ಜ್ಯೋತಿಷಿನೂ ಭವಿಷ್ಯ ಹೇಳಲಾರ, ರೇಖೆಗಳೆಲ್ಲ ನೀಲಿಯೊಳಗೆ ಮುಳುಗಿಹೋಗಿವೆ" ಎಂದು ಮೇಸ್ತ್ರಿ ನಗಿಸುತ್ತಿದ್ದ.

ತೊಟ್ಟಿಯಲ್ಲಿ ಮಿಕ್ಕ ನೀರು ಹಿಂದಿನ ಕಾಲುವೆಗೆ ಹೋಗುತ್ತಿತ್ತು. ಅದೇ ಕಾಲುವೆಯ ಕೆಳಗಡೆ, ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಅವಳ ಅಕ್ಕನ ಮನೆ. ಒಂದು ದಿನ ಅಕ್ಕನ ಬಾವಿಯಲ್ಲಿ ಕೆಂಪು ನೀರು ಬಂತು. ಹಿತ್ತಲಿನ ಗಿಡಗಳೆಲ್ಲ ಸುಟ್ಟುಹೋದವು.

"ಆ ಕೆಲಸ ಬಿಡು. ಇಲ್ಲಾಂದ್ರೆ ಈ ಹೊಸ್ತಿಲು ತುಳೀಬೇಡ" ಎಂದಳು ಅಕ್ಕ.

"ಬಿಟ್ಟು ಏನು ತಿನ್ನಲಿ? ಗಾಳಿನಾ?" ಎಂದು ತಂಗಿಯೂ ಸಿಟ್ಟಿನಲ್ಲೇ ಹೊರಟುಬಂದಳು. ಅವಳ ಗಂಡ ತೀರಿಹೋಗಿದ್ದ, ಹಿಂದೆಮುಂದೆ ಯಾರೂ ಇರಲಿಲ್ಲ. ಮಾತು ಅಲ್ಲಿಗೇ ಮುರಿಯಿತು. ವರ್ಷಗಳು ಕಳೆದವು.

ಆಮೇಲೆ ಕಾರ್ಖಾನೆಗೆ ಹೊಸ ಯಂತ್ರಗಳು ಬಂದವು. ಪ್ರತಿ ತೊಟ್ಟಿಗೂ ಸೆನ್ಸರ್ ಕೂತಿತು. ಎಷ್ಟು ಬಣ್ಣ, ಎಷ್ಟು ಶಾಖ, ಎಷ್ಟು ನೀರು ಬೇಕೆಂದು ಕಂಪ್ಯೂಟರೇ ಅಳೆದು ಬಿಡತೊಡಗಿತು. ಬಳಸಿದ ನೀರು ಶುದ್ಧವಾಗಿ ಮತ್ತೆ ತೊಟ್ಟಿಗೇ ಮರಳಿತು. ಕಾಲುವೆಗೆ ಹೋಗುವ ಕೊಳವೆಯ ಬಾಯಿಗೆ ಸಿಮೆಂಟು ಬಿತ್ತು. ಜೊತೆಗಾರರಲ್ಲಿ ಕೆಲವರು ದೂರದ ಇನ್ನೊಂದು ಕಾರ್ಖಾನೆಗೆ ಹೋದರು, ಕೆಲವರು ಕೆಲಸವನ್ನೇ ಬಿಟ್ಟರು. ಮೇಸ್ತ್ರಿ ಮಗಳ ಮನೆ ಸೇರಿದ. ಕಂಪ್ಯೂಟರಿನ ಪರದೆಗಳನ್ನು ನೋಡಿಕೊಳ್ಳಲು ಬಣ್ಣದಮ್ಮ ಒಬ್ಬಳೇ ಉಳಿದಳು.

ಮೊದಮೊದಲು ಹಿತವೆನಿಸಿತು. ಹಬೆ ಹೋಯಿತು, ಕೆಮ್ಮು ನಿಂತಿತು. ಆದರೆ ಊಟದ ಹೊತ್ತಿಗೆ ಡಬ್ಬಿ ಬಿಚ್ಚಿದರೆ ಮುಚ್ಚಳದ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಒಮ್ಮೆ ತೊಟ್ಟಿಯ ಕಡೆ ತಿರುಗಿ "ಇವತ್ತು ಉಪ್ಪು ಜಾಸ್ತಿಯಾಗಿದೆ ಕಣ್ರೇ" ಎಂದುಬಿಟ್ಟು, ತನಗೇ ನಾಚಿಕೆಯಾಗಿ ಡಬ್ಬಿ ಮುಚ್ಚಿದಳು.

ಕಾಲುವೆ ತಿಳಿಯಾಯಿತು. ಅಕ್ಕ ಈಗಲಾದರೂ ಫೋನ್ ಮಾಡಬಹುದೆಂದು ಕಾದಳು. ಮಾಡಲಿಲ್ಲ. ಒಂದು ರಜೆಯ ದಿನ ತಾನೇ ದಂಡೆ ಹಿಡಿದು ಹೊರಟಳು.

ಅಕ್ಕ ಹಿತ್ತಲಲ್ಲಿ ಗಿಡದ ಬುಡಕ್ಕೆ ಮಣ್ಣು ಏರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿದಳು, ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

"ನೀರು ಸರಿಹೋಯ್ತಾ ಅಕ್ಕಾ?"

"ಕಾಲುವೇದು ಸರಿಹೋಗಿದೆ, ಗಿಡಕ್ಕೆ ಅದನ್ನೇ ಹಾಕ್ತೀನಿ. ಬಾವೀದು ಇನ್ನೂ ಕುಡಿಯೋಕಾಗಲ್ಲ."

"ಹೊಸ ಮಷೀನು ಬಂದಿವೆ. ಈಗ ಒಂದು ಹನೀನೂ ಹೊರಗೆ ಬಿಡಲ್ಲ."

"ಜೊತೇಲಿ ಯಾರಿರ್ತಾರೆ?"

"ಯಾರೂ ಇಲ್ಲ. ನಾನೊಬ್ಬಳೇ."

ಅಕ್ಕ ಕೈಯ ಮಣ್ಣು ಕೊಡವಿದಳು. "ಇಲ್ಲೂ ಅಷ್ಟೇ ಕಣೇ. ನಿಮ್ಮ ಭಾವ ಹೋಗಿ ವರ್ಷದ ಮೇಲಾಯ್ತು."

"ಒಂದು ಮಾತು ಹೇಳಿಕಳಿಸಬಾರದಿತ್ತಾ?"

"ಯಾವ ಮುಖ ಇಟ್ಕೊಂಡು ಹೇಳಿಕಳಿಸ್ಲಿ? ಬರಬೇಡ ಅಂದವಳೇ ನಾನು."

ಅವಳು ಸೆರಗು ಸಿಕ್ಕಿಸಿಕೊಂಡು ಅಕ್ಕನ ಪಕ್ಕ ಕೂತು ಕಳೆ ಕೀಳತೊಡಗಿದಳು. ಭಾವ ಹೇಗೆ ಹೋದರೆಂದು ಕೇಳಲಿಲ್ಲ. ಅಕ್ಕ ತಾನಾಗಿ ಹೇಳಲೂ ಇಲ್ಲ. ಬಿಸಿಲು ಇಳಿಯಿತು.

ಈಗ ಪ್ರತಿ ರಜೆಗೂ ಅಲ್ಲಿಗೆ ಹೋಗುತ್ತಾಳೆ. ಹಳೆಯ ಸಲುಗೆ ಮರಳಿಲ್ಲ. ಒಂದು ಸಾಲಿನ ಕಳೆ ಅಕ್ಕ ಕೀಳುತ್ತಾಳೆ, ಇನ್ನೊಂದು ಸಾಲಿನದು ತಂಗಿ. ಮಾತು ಬಂದರೆ ಆಡುತ್ತಾರೆ, ಇಲ್ಲದಿದ್ದರೆ ಇಲ್ಲ.