ಅಲೆಯರಸಿಯ ಕಿರೀಟ

ಊಟದ ಮೇಜಿನ ಮೇಲೆ ರಾಣಿ ಬಂದು ಕೂತ ಮೇಲೆ ಮನೆಯ ಪ್ರಜೆಗಳು ನಿಂತುಕೊಂಡೇ ಊಟ ಮಾಡುತ್ತಿದ್ದರು. ಪ್ಲಾಸ್ಟರಿನ ಮೈ, ಅಲೆ ಅಲೆಯಾಗಿ ಇಳಿದ ನೀಲಿ ಲಂಗ, ತಲೆಯ ಮೇಲೆ ಮಿರಿಮಿರಿ ಮಿಂಚುವ ಕಿರೀಟ. ಕಿರೀಟ ಮಾಡುವುದೆಂದರೆ ಅಪ್ಪನಿಗೆ ನೀರು ಕುಡಿದಷ್ಟು ಸಲೀಸು. ಹಲ್ಲು ಕಟ್ಟುವ ಲ್ಯಾಬಿನಲ್ಲಿ ದಿನವಿಡೀ ಅವನಿಗೆ ಅದೇ ಕೆಲಸ, ದವಡೆ ಹಲ್ಲುಗಳಿಗೆ 'ಕ್ರೌನ್' ಮಾಡುವುದು.

"ಇಷ್ಟು ದಿನ ಹಲ್ಲಿಗೆ ಕಿರೀಟ ಮಾಡಿದೆ, ಈಗ ಹಲ್ಲಿರೋರಿಗೆ ಮಾಡ್ತಿದೀನಿ," ಎಂದು ಅಪ್ಪ ಬೀಗಿದ.

"ರಾಜ್ಯ ಏನೋ ದೊಡ್ಡದೇ. ತಟ್ಟೆ ಇಡೋಕೆ ಮಾತ್ರ ಜಾಗ ಇಲ್ಲ," ಎಂದಳು ಅಮ್ಮ.

ಏಳನೇ ಕ್ಲಾಸಿನ ಮಗಳಿಗೆ ನಗು ಬರಲಿಲ್ಲ. ಮನೆಯಲ್ಲೂ ಶಾಲೆಯಲ್ಲೂ ಅವಳನ್ನು ಕರೆಯುತ್ತಿದ್ದುದು ಗಿಳಿ ಎಂದು. ಬಸ್ ಕಂಡಕ್ಟರನ ಮೂಗುದನಿ, ಕೆಟ್ಟ ಮಿಕ್ಸಿಯ ಕೆಮ್ಮು, ಗಣಿತದ ಮೇಷ್ಟ್ರ ನಿಟ್ಟುಸಿರು, ಒಮ್ಮೆ ಕಿವಿಗೆ ಬಿದ್ದರೆ ಸಾಕು, ಇದ್ದದ್ದು ಇದ್ದ ಹಾಗೇ ನಾಲಗೆಗೆ ಇಳಿಯುತ್ತಿತ್ತು. 'ಒಂದು ಪುಸ್ತಕ ಓದಿ, ನಿಮ್ಮದೇ ರೀತಿಯಲ್ಲಿ ವರದಿ ಮಾಡಿ, ಪ್ರದರ್ಶನಕ್ಕೆ ತನ್ನಿ' ಎಂದು ಟೀಚರ್ ಹೇಳಿದ ದಿನವೇ ಗಿಳಿ ಮನಸ್ಸಿನಲ್ಲಿ ತನ್ನ ವರದಿಯನ್ನು ಮಾಡಿ ಮುಗಿಸಿದ್ದಳು. ಒಂದು ರಟ್ಟಿನ ಪೆಟ್ಟಿಗೆ, ಅದಕ್ಕೊಂದು ತೂತು. ಒಳಗೆ ತಾನು ಕೂತು ಪುಸ್ತಕದ ಜನರೆಲ್ಲರ ದನಿಯಲ್ಲಿ ಮಾತಾಡುವುದು. ಮನೆಗೆ ಬಂದು ಅಪ್ಪನಿಗೆ ಅದನ್ನೇ ಹೇಳಿದಳು.

"ಮಿಮಿಕ್ರಿ ಎಲ್ಲಾದ್ರೂ ಪ್ರಾಜೆಕ್ಟ್ ಆಗುತ್ತಾ ಮರೀ? ಕಣ್ಣಿಗೆ ಕಾಣೋ ಹಾಗಿರಬೇಕು," ಎಂದ ಅಪ್ಪ ಪುಸ್ತಕದ ಮುಖಪುಟ ನೋಡಿದ. ಹೆಸರು 'ಅಲೆಯರಸಿ'. ಅಷ್ಟೇ ಸಾಕಾಯಿತು. ಮರುದಿನವೇ ಪ್ಲಾಸ್ಟರ್ ಕಲಸಿದ.

ತೊಂದರೆ ಏನೆಂದರೆ, ಆ ಪುಸ್ತಕದಲ್ಲಿ ರಾಣಿಯೇ ಇರಲಿಲ್ಲ.

ಅದು ನಿಂತ ನೀರಿನ ಕೆರೆಯ ಪಕ್ಕ ಹುಟ್ಟಿದ ಹುಡುಗಿಯ ಕಥೆ. ನೀರಿಗೆ ಅಲೆ ಎಂಬುದೊಂದಿರುತ್ತದಂತೆ ಎಂದು ಕೇಳಿ, ಅದನ್ನು ಹುಡುಕಿಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತಾಳೆ. ದೋಣಿಯವಳು, ಉಪ್ಪು ಮಾರುವವನು, ಒಂದೇ ಒಂದು ಅಲೆಯನ್ನೂ ಕಾಣದೆ ಗೋಡೆ ತುಂಬ ಅಲೆ ಬಿಡಿಸುವ ಮುದುಕ. ಇದನ್ನು ಅಪ್ಪನಿಗೆ ಹೇಳಲು ಗಿಳಿ ಬಾಯಿ ತೆರೆದಾಗಲೆಲ್ಲ ಅವನ ಬೆರಳ ತುದಿಯಲ್ಲಿ ಕುಂಚ ಇರುತ್ತಿತ್ತು. "ಬಣ್ಣ ಒಣಗಲಿ, ಆಮೇಲೆ ಹೇಳು." ಬಣ್ಣವೇನೋ ಒಣಗುತ್ತಿತ್ತು. ಅಷ್ಟರಲ್ಲಿ ಅವನು ಇನ್ನೊಂದು ಬಣ್ಣದ ಡಬ್ಬಿ ತೆರೆದಿರುತ್ತಿದ್ದ.

ಕೊನೆಗೆ ಪಾತ್ರೆ ಒರೆಸುತ್ತಾ ಅಮ್ಮನ ಕಿವಿಯಲ್ಲಿ ಹೇಳಿದಳು. ಅಮ್ಮನ ಕೈಯ ಬಟ್ಟೆ ನಿಂತಿತು.

"ರಾಣಿ ಇಲ್ವೇ ಇಲ್ವಾ? ಮೂಲೇಲಿ ಒಬ್ಬಳು ದಾಸಿನಾದ್ರೂ?"

"ಇಲ್ಲಮ್ಮ."

"ಅಯ್ಯೋ, ನಿಮ್ಮಪ್ಪ ಮೂರು ಭಾನುವಾರ ಹಲ್ಲು ಕಚ್ಚಿಕೊಂಡು ಕೂತಿದಾರೆ ಕಣೇ. ಅವರು ಓದೋ ಕಾಲಕ್ಕೆ ಅವರಿಗೆ ಒಂದು ಪೆನ್ಸಿಲ್ ಚೂಪು ಮಾಡಿಕೊಡೋರೂ ಇರಲಿಲ್ಲ. ಈಗ ಹೇಳಿದ್ರೆ ಕುಸಿದು ಹೋಗ್ತಾರೆ. ಒಂದು ದಿನ ತಾನೇ, ಹೇಗೋ ಸುಧಾರಿಸು."

ಸುಧಾರಿಸಲು ಅಪ್ಪನೇ ಒಂದು ಭಾಷಣ ಬರೆದುಕೊಟ್ಟ. 'ಮಹಾರಾಣಿ ಅಲೆಯರಸಿಯು ಧೈರ್ಯದ ಪ್ರತೀಕ.' ಗಿಳಿಗೆ ಗಿಳಿಪಾಠ. ಊರಿನವರ ದನಿಯೆಲ್ಲ ಆಡುವ ಬಾಯಲ್ಲಿ ಈ ಒಂದು ಸಾಲು ಮಾತ್ರ ಅಳತೆ ತಪ್ಪಿದ ಕಟ್ಟು ಹಲ್ಲಿನಂತೆ ಒತ್ತುತ್ತಿತ್ತು.

ಪ್ರದರ್ಶನದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದೊಂದು ಮೇಜಿನ ಮೇಲೂ ಅರಮನೆ, ಹಡಗು, ಕಾಡು. ಮುಂದೆ ನಿಂತ ಮಕ್ಕಳ ಬಾಯಿ ಆಡಿದಂತೆ ಹಿಂದೆ ನಿಂತ ಅಪ್ಪ ಅಮ್ಮಂದಿರ ತುಟಿಯೂ ಆಡುತ್ತಿತ್ತು. ಗಿಳಿಯ ಬೆನ್ನಿಗೆ ಗೋಡೆ, ಹೊಟ್ಟೆಗೆ ಮೇಜು, ಪಕ್ಕದಲ್ಲಿ ಅಪ್ಪ, ಮೇಜಿನಾಚೆ ಗುಂಪಿನಲ್ಲಿ ಅಮ್ಮ. ಕಾಲ ಬುಡದಲ್ಲಿ ರಾಣಿಯನ್ನು ತಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ. ಅಲುಗಾಡುವ ಹಾಗಿಲ್ಲ.

ಹೆಡ್‌ಮೇಡಂ ಬಂದರು. ಕೈಯಲ್ಲಿ ಮೊದಲ ಬಹುಮಾನದ ಕೆಂಪು ರಿಬ್ಬನ್.

"ಅಬ್ಬಬ್ಬಾ, ಅಲೆಯರಸಿ! ನಂಗೆ ತುಂಬಾ ಇಷ್ಟವಾದ ಪಾತ್ರ!"

ಗಿಳಿಗೆ ಗೊತ್ತಾಗಿ ಹೋಯಿತು. ಪುಸ್ತಕವನ್ನು ಇವರೂ ಓದಿಲ್ಲ! ಇನ್ನು ತಪ್ಪಿಸಿಕೊಳ್ಳಲು ಕಿಟಕಿಯೂ ಉಳಿಯಲಿಲ್ಲ.

"ಹೇಳು ಮರಿ, ಕೊನೆಗೆ ರಾಣಿ ಏನಾಗ್ತಾಳೆ?"

ಭಾಷಣದಲ್ಲಿ ಅದಿರಲಿಲ್ಲ. ಗಿಳಿ ಅಪ್ಪನ ತುಟಿ ನೋಡಿದಳು. ತುಟಿಯೂ ನಿಂತಿತ್ತು. ಅವನು ರಾಣಿಯ ಪಾದದ ಬಳಿ ಅಲಂಕಾರಕ್ಕಿಟ್ಟಿದ್ದ ಪುಸ್ತಕವನ್ನು ಎತ್ತಿ, ಕೊನೆಯ ಪುಟಗಳನ್ನು ಗಬಗಬನೆ ತಿರುವಿದ. ಆಮೇಲೆ ನಡುವಿನ ಪುಟಗಳು. ಆಮೇಲೆ ಮೊದಲ ಪುಟ.

"ಎಲ್ಲಿದಾಳೆ ಮರೀ ರಾಣಿ?" ಎಂದ ಪಿಸುದನಿಯಲ್ಲಿ.

"ಇಲ್ಲ ಅಪ್ಪ. ಅರಸಿ ಅಂದ್ರೆ ಇಲ್ಲಿ ಹುಡುಕಿಕೊಂಡು ಅಂತ. ಅಲೆಯನ್ನು ಹುಡುಕಿಕೊಂಡು."

ಅವನ ಕಿವಿಯ ತುದಿ ಕೆಂಪಾಯಿತು. "ಮತ್ತೆ ನೀನು ಯಾಕೆ..." ಎಂದು ಶುರು ಮಾಡಿದವನು ಅಷ್ಟಕ್ಕೇ ನಿಲ್ಲಿಸಿದ. ಉತ್ತರ ಅವನ ಉಗುರುಸಂದಿಯಲ್ಲೇ ಇತ್ತು, ನೀಲಿಯಾಗಿ.

"ಪಾಪ, ಹೆದರಿಕೊಂಡಿದಾಳೆ," ಎಂದು ಹೆಡ್‌ಮೇಡಂ ರಿಬ್ಬನ್ ಹಿಡಿದು ಬಾಗಿದರು. "ಇರಲಿ, ಬಹುಮಾನ ಅಂತೂ ನಿನ್ನದೇ."

ರಿಬ್ಬನ್ ಕಿರೀಟಕ್ಕೆ ತಾಗುವ ಮೊದಲೇ ಅಪ್ಪ ರಾಣಿಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡ.

"ಇದು ನನ್ನ ಪ್ರಾಜೆಕ್ಟು ಮೇಡಂ. ನಾನು ಪುಸ್ತಕ ಓದಿಲ್ಲ. ಇದರಲ್ಲಿ ರಾಣಿನೇ ಇಲ್ವಂತೆ. ಓದಿದವಳು ಇವಳು. ಇವಳ ವರದಿ ಇನ್ನೂ ಆಗಿಲ್ಲ."

ಅಕ್ಕಪಕ್ಕದ ಮೇಜುಗಳ ಹಿಂದಿನ ತುಟಿಗಳೆಲ್ಲ ಒಮ್ಮೆಗೇ ಮುಚ್ಚಿಕೊಂಡವು. ಹೆಡ್‌ಮೇಡಂ ತಮ್ಮ ಇಷ್ಟದ ಪಾತ್ರವನ್ನು ನೆನೆದು ಕೆಮ್ಮಿದರು. ರಿಬ್ಬನ್ನನ್ನು ಸುತ್ತಿ ಸುತ್ತಿ ಸಣ್ಣ ಉಂಡೆ ಮಾಡಿ, "ಹಾಗಾದ್ರೆ... ಮಾಡಲಿ," ಎಂದರು.

ಗಿಳಿ ಕಾಲ ಬುಡದ ಪೆಟ್ಟಿಗೆಯನ್ನು ಮೇಜಿನಡಿಯಿಂದ ಮುಂದಕ್ಕೆ ದೂಡಿದಳು. ಅಪ್ಪ ರಾಣಿಯನ್ನು ಕಂಕುಳಲ್ಲಿ ಇರುಕಿಕೊಂಡು, ಜೇಬಿನಿಂದ ಲ್ಯಾಬಿನ ಮೇಣ ಕೊರೆಯುವ ಚಾಕು ತೆಗೆದು, ಏನೂ ಕೇಳದೆ ಅದಕ್ಕೊಂದು ತೂತು ಕೊರೆದುಕೊಟ್ಟ. ಅವಳು ಒಳಗೆ ನುಸುಳಿದಳು. ಒಳಗೆ ಕತ್ತಲೆ, ಬಣ್ಣದ ವಾಸನೆ. ಎಷ್ಟೋ ವಾರಗಳ ಮೇಲೆ ಉಸಿರು ಸಲೀಸಾಗಿ ಆಡಿತು.

ದೋಣಿಯವಳ ಒಡಕು ದನಿ ಬಂತು. ಉಪ್ಪು ಮಾರುವವನು ಕಂಡಕ್ಟರನ ಮೂಗಿನಲ್ಲಿ ಕೂಗಿದ. ಅರಮನೆ, ಹಡಗುಗಳನ್ನು ಬಿಟ್ಟು ಮಕ್ಕಳು ಒಬ್ಬೊಬ್ಬರೇ ಬಂದು ನೆಲದ ಮೇಲೆ ಕೂತರು. ಕಥೆಯ ಹುಡುಗಿ ಗೋಡೆಗೆ ಅಲೆ ಬಿಡಿಸುವ ಮುದುಕನ ಬಳಿ ಬಂದಳು.

"ತಾತಾ, ಅಲೆ ಎಲ್ಲಿದೆ ಗೊತ್ತಾ? ನಂಗೆ ಗೊತ್ತಿರೋದನ್ನ ಹೇಳಲಾ?"

ಪೆಟ್ಟಿಗೆಯೊಳಗಿಂದ ಮುದುಕ ಗೊಗ್ಗರು ದನಿಯಲ್ಲಿ ಉತ್ತರಿಸಿದ.

"ಬಣ್ಣ ಒಣಗಲಿ, ಆಮೇಲೆ ಹೇಳು."

ಹಾಲೆಲ್ಲ ಗೊಳ್ಳೆಂದಿತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪನೂ ನಕ್ಕ. ನಗುತ್ತ ನಗುತ್ತಲೇ ಯಾಕೋ ನಿಲ್ಲಿಸಿದ. ಆಮೇಲೆ ರಾಣಿಯನ್ನು ಪಕ್ಕಕ್ಕಿಟ್ಟು, ನೆಲದ ಮೇಲೆ ಮಂಡಿಯೂರಿ, ತೂತಿನ ಹತ್ತಿರ ಕಿವಿ ತಂದ.

"ಆಮೇಲೆ?" ಎಂದ ಅಪ್ಪ. "ಹೇಳು."